ಮುಳ್ಳಯ್ಯನಗಿರಿಯ ತಪ್ಪಲಿನಿಂದ ಮಾರಾ ಬಯಲಿಗೆ: ಒಂದು ಪ್ರವಾಸದ ಸಿದ್ಧತೆ

ಮಲೆನಾಡಿನ ಕಾಫಿ ಬೆಳೆಗಾರರ ಮನೆಗಳಲ್ಲಿ ದೂರದ ಪ್ರವಾಸದ ಮಾತು ಏಳುವುದು ಸಾಮಾನ್ಯವಾಗಿ ಫಸಲು ಕಣದಿಂದ ಮೂಟೆಗೆ ಸೇರಿದ ಮೇಲೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ರೊಬಸ್ಟಾ ಕೊಯ್ಲು ಅಲ್ಲಿಂದ ಮಾರ್ಚ್‌ವರೆಗೆ. ಆನಂತರ ಹೂಮಳೆಯ ನಿರೀಕ್ಷೆ. ಅಂತಹ ನಿರೀಕ್ಷೆಯ ಒಂದು ಸಂಜೆ, ಮೂಡಿಗೆರೆ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ತಮ್ಮನ ಮಗ ಒಂದು ಪ್ರಸ್ತಾಪವನ್ನು ಮುಂದಿಟ್ಟನು. "ದೊಡ್ಡಪ್ಪ, ಈ ವರ್ಷ ಎಲ್ಲರೂ ಕೀನ್ಯಾಕ್ಕೆ ಹೋಗೋಣ. ನನಗೆ ಗಾಲ್ಫ್, ನಿಮಗೆಲ್ಲ ಸಿಂಹ, ಆನೆ, ಜಿರಾಫೆ" ಎಂದನು.

ಅವನು ಚಿಕ್ಕಮಗಳೂರಿನ ಗಾಲ್ಫ್ ಮೈದಾನದಲ್ಲಿ ಆಡಿ ಪಳಗಿದವನು. ಆಂಗ್ಲ ತೋಟಗಾರರು ಈ ಸೀಮೆಯಲ್ಲಿ ಬಿಟ್ಟುಹೋದ ಅಭ್ಯಾಸಗಳಲ್ಲಿ ಗಾಲ್ಫ್ ಕೂಡ ಒಂದು. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಇಂದು ತೋಟದ ಮನೆಗಳ ಯುವಕರಷ್ಟೇ ಅಲ್ಲ, ಹೆಣ್ಣುಮಕ್ಕಳೂ ಈ ಆಟವನ್ನು ಕಲಿಯುತ್ತಿದ್ದಾರೆ. ಆದುದರಿಂದ ಅವನ ಆಸೆಯಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ.

ಆದರೆ ನನ್ನ ಮನೆಯಾಕೆ ತಟ್ಟನೆ ಕೇಳಿದ ಮಾತು ಇಡೀ ಜಗಲಿಯನ್ನು ಮೌನವಾಗಿಸಿತು. "ತೋಟಕ್ಕೆ ಆನೆ ಬಂದರೆ ಪಟಾಕಿ ಹೊಡೆದು ಓಡಿಸುವವರು ನಾವು. ಅದೇ ಆನೆಯನ್ನು ನೋಡಲು ಸಮುದ್ರ ದಾಟಿ ದುಡ್ಡು ಕೊಡಬೇಕೆ?"

ಆಕೆಯ ಪ್ರಶ್ನೆ ಹಗುರವಾದುದಾಗಿರಲಿಲ್ಲ. ಅದೇ ಕೊಯ್ಲಿನ ದಿನಗಳಲ್ಲಿ ನೆರೆಯ ತೋಟವೊಂದರಲ್ಲಿ, ಮಂಜು ಕವಿದ ಮುಂಜಾನೆ ಕೆಲಸಕ್ಕೆ ನಡೆದು ಹೋಗುತ್ತಿದ್ದ ಕಾರ್ಮಿಕನೊಬ್ಬ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟಿದ್ದನು. ಅವನ ಮನೆಯವರ ಅಳು ನಮ್ಮ ಕಿವಿಯಲ್ಲಿ ಇನ್ನೂ ಇತ್ತು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಈ ಸಂಖ್ಯೆಯನ್ನು ಓದಿ ನಗರದವರು ಹೆಮ್ಮೆಪಡುತ್ತಾರೆ. ಮೂಡಿಗೆರೆ, ಆಲ್ದೂರು ಕಡೆಯ ತೋಟದ ಜನ ಅದನ್ನು ಓದಿ ನಿಟ್ಟುಸಿರು ಬಿಡುತ್ತಾರೆ.

ಹೀಗೆ ನಮ್ಮ ಪ್ರವಾಸದ ಯೋಜನೆಯು ಒಂದು ಪ್ರಶ್ನೆಯೊಡನೆ ಆರಂಭವಾಯಿತು. ಮುಂದಿನ ಎರಡು ತಿಂಗಳು ನಾವು ಕಲಿತದ್ದನ್ನು ಓದುಗರ ಮುಂದಿಡುತ್ತಿದ್ದೇನೆ. ಇಂತಹ ಪ್ರವಾಸ ಕೈಗೊಳ್ಳುವ ಕುಟುಂಬಗಳಿಗೆ ಇದು ಉಪಯೋಗವಾದೀತು.

ಕೀನ್ಯಾವೇ ಏಕೆ?

ದಕ್ಷಿಣ ಆಫ್ರಿಕಾದ ಮಾತೂ ಬಂದಿತ್ತು. ಅಲ್ಲಿನ ಕ್ರೂಗರ್ ರಾಷ್ಟ್ರೀಯ ಉದ್ಯಾನದೊಳಗೆ ಸ್ಕುಕುಜಾ ಎಂಬಲ್ಲಿ 9 ಕುಳಿಗಳ ಗಾಲ್ಫ್ ಮೈದಾನವಿದೆ. ಅದಕ್ಕೆ ಬೇಲಿಯೇ ಇಲ್ಲ. ಕೆರೆಯಲ್ಲಿ ನೀರಾನೆ, ಮೊಸಳೆಗಳಿವೆ; ಏನಾದರೂ ಆದರೆ ಹೊಣೆ ನಮ್ಮದೇ ಎಂದು ಬರೆದುಕೊಟ್ಟು ಆಡಬೇಕು. 2019ರಲ್ಲಿ ಪರಿಷ್ಕೃತವಾದ ಗಾಲ್ಫ್ ನಿಯಮಾವಳಿಯಲ್ಲಿ, ಅಪಾಯಕಾರಿ ಪ್ರಾಣಿಯ ಬಳಿ ಚೆಂಡು ಬಿದ್ದರೆ ದಂಡವಿಲ್ಲದೆ ಬೇರೆಡೆ ಚೆಂಡಿಟ್ಟು ಆಡಬಹುದೆಂಬ ನಿಯಮವೇ ಇದೆ. ಇದನ್ನು ಕೇಳಿ ಮೊಮ್ಮಗಳು ನಕ್ಕಳು. ಮನೆಯಾಕೆ ಮಾತ್ರ, "ನಮ್ಮ ತೋಟದ ಆಳುಗಳಿಗೂ ಅಂತಹದೊಂದು ನಿಯಮ ಇದ್ದಿದ್ದರೆ" ಎಂದಳು.

ಕೊನೆಗೆ ಕೀನ್ಯಾವನ್ನು ಆರಿಸಿದ್ದಕ್ಕೆ ಕಾರಣ ಕಾಫಿ. 1893ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಅಲ್ಲಿ ಕಾಫಿ ಗಿಡ ನೆಟ್ಟರೆಂದು ಇತಿಹಾಸ ಹೇಳುತ್ತದೆ. ನಮ್ಮ ಗಿರಿಶ್ರೇಣಿಗೆ ಬಾಬಾ ಬುಡನ್ ತಂದರೆನ್ನುವ ಏಳು ಬೀಜಗಳ ಕಥೆ ಅದಕ್ಕಿಂತ ಬಹಳ ಹಳೆಯದು. ಅಷ್ಟೇ ಅಲ್ಲ, ಹಿಂದಿನ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಆಂಗ್ಲ ತೋಟಗಾರನು ಆರಿಸಿದ 'ಕೆಂಟ್ಸ್' ತಳಿಯು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಪೂರ್ವ ಆಫ್ರಿಕಾಕ್ಕೂ ಹೋಯಿತು. ಎಂದಮೇಲೆ ಅಲ್ಲಿನ ಕಾಫಿ ತೋಟಕ್ಕೂ ನಮಗೂ ದೂರದ ನಂಟಿದೆ.

ಹವೆಯೂ ನಮಗೆ ಹೊಂದುವಂತಹದು. ನೈರೋಬಿ ನಗರವು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ನಮಸ್ಕರಿಸಿ ಹೊರಬಂದಾಗ ಮುಖಕ್ಕೆ ಬಡಿಯುವ ಗಾಳಿಯನ್ನು ನೆನೆದರೆ, ಆ ಎತ್ತರದಲ್ಲಿ ಹರಡಿದ ಮಹಾನಗರವನ್ನು ಊಹಿಸಿಕೊಳ್ಳಬಹುದು. ಭೂಮಧ್ಯರೇಖೆಯ ಸಮೀಪವಿದ್ದರೂ ಜೂನ್, ಜುಲೈ ತಿಂಗಳುಗಳ ರಾತ್ರಿ ಅಲ್ಲಿ ಸ್ವೆಟರ್ ಬೇಕೇ ಬೇಕು. ಎತ್ತರದ ತೆಳುಗಾಳಿಯಲ್ಲಿ ಗಾಲ್ಫ್ ಚೆಂಡು ಹೆಚ್ಚು ದೂರ ಹಾರುತ್ತದೆ ಎಂಬುದು ತಮ್ಮನ ಮಗನ ಸಂತೋಷ.

ಆಟ ಮತ್ತು ಅರಣ್ಯ

ನೈರೋಬಿಯಲ್ಲಿ ಗಾಲ್ಫ್ ಮೈದಾನಗಳಿಗೆ ಕೊರತೆಯಿಲ್ಲ. ರಾಯಲ್ ನೈರೋಬಿ ಕ್ಲಬ್ 1906ರದು. ಕರೆನ್ ಎಂಬ ಬಡಾವಣೆಯ ಮೈದಾನವಿರುವ ಸೀಮೆ ಒಂದು ಕಾಲಕ್ಕೆ ಕಾಫಿ ತೋಟವಾಗಿತ್ತು. ಡೆನ್ಮಾರ್ಕಿನ ಲೇಖಕಿ ಕರೆನ್ ಬ್ಲಿಕ್ಸನ್ ಅಲ್ಲಿ ಕಾಫಿ ಬೆಳೆಯಲು ಹೆಣಗಿ, ನಷ್ಟ ಹೊತ್ತು, 1931ರಲ್ಲಿ ತೋಟವನ್ನು ಬಿಟ್ಟು ಸ್ವದೇಶಕ್ಕೆ ಮರಳಿದಳು. ಅವಳ ಮನೆ 1986ರಿಂದ ವಸ್ತುಸಂಗ್ರಹಾಲಯವಾಗಿದೆ. ಬೆಲೆ ಕುಸಿತದ, ಸಾಲದ ವರ್ಷಗಳನ್ನು ಕಂಡ ನಮ್ಮ ಬೆಳೆಗಾರರಿಗೆ ಆ ಮನೆಯನ್ನು ನೋಡಬೇಕೆನಿಸುವುದು ಸಹಜ.

ಮುಥೈಗಾ ಮೈದಾನದ ಪಕ್ಕದಲ್ಲಿ ಕರೂರಾ ಎಂಬ ಕಾಡಿದೆ. 1990ರ ದಶಕದ ಕೊನೆಯಲ್ಲಿ ಆ ಕಾಡಿನ ಭೂಮಿಯನ್ನು ಕಟ್ಟಡಗಳಿಗೆ ಹಂಚುವ ಸಿದ್ಧತೆ ನಡೆದಾಗ ವಂಗಾರಿ ಮಾಥಾಯ್ ಎಂಬ ಮಹಿಳೆ ಸಸಿಗಳನ್ನು ಹಿಡಿದು ಅಡ್ಡ ನಿಂತರು. 1999ರ ಜನವರಿಯಲ್ಲಿ ಅವರ ಮೇಲೆ ಹಲ್ಲೆಯಾಗಿ ತಲೆಯಿಂದ ರಕ್ತ ಸುರಿಯಿತು. ಕಾಡು ಉಳಿಯಿತು. 2004ರಲ್ಲಿ ಆಕೆಗೆ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು. ಕಳಸದ ಆಚೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತುದನ್ನು ಬಲ್ಲ ನಮ್ಮವರಿಗೆ ಈ ಕಥೆ ಪರಕೀಯವಾಗಲಾರದು.

ಗಾಲ್ಫ್ ಆಡುವವರು ಗಮನಿಸಬೇಕಾದ ಸಂಗತಿಗಳು ಕೆಲವೇ. ತಮ್ಮ ಕ್ಲಬ್ಬಿನಿಂದ ಪರಿಚಯ ಪತ್ರವನ್ನೂ ಹ್ಯಾಂಡಿಕ್ಯಾಪ್ ಪತ್ರವನ್ನೂ ಒಯ್ಯಬೇಕು. ಶನಿವಾರ, ಭಾನುವಾರಗಳಂದು ಸದಸ್ಯರ ಗದ್ದಲವಿರುವುದರಿಂದ ವಾರದ ನಡುವಿನ ದಿನಗಳನ್ನು ಮೊದಲೇ ಕಾಯ್ದಿರಿಸಬೇಕು. ಕೋಲುಗಳ ಭಾರದ ಚೀಲವನ್ನು ವಿಮಾನದಲ್ಲಿ ಒಯ್ಯುವುದಕ್ಕಿಂತ ಅಲ್ಲೇ ಬಾಡಿಗೆಗೆ ಪಡೆಯುವುದು ಲೇಸು.

ಕಾಲ, ಖರ್ಚು, ಆರೋಗ್ಯ

ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು 6 ಗಂಟೆಯ ಪಯಣ. ಅಲ್ಲಿಂದ ಮಾಸಾಯಿ ಮಾರಾ ವನ್ಯಧಾಮಕ್ಕೆ ರಸ್ತೆಯಲ್ಲಿ 5–6 ಗಂಟೆ. ಲಕ್ಷಾಂತರ ವಿಲ್ಡೆಬೀಸ್ಟ್‌ಗಳು ಹುಲ್ಲನ್ನರಸಿ ಟಾಂಜಾನಿಯಾದ ಸೆರೆಂಗೆಟಿಯಿಂದ ಮಾರಾ ನದಿಯನ್ನು ದಾಟಿ ಬರುವುದು ಜುಲೈ ಮಧ್ಯದಿಂದ ಅಕ್ಟೋಬರ್‌ವರೆಗೆ. ಆ ಕಾಲವೇ ಶ್ರೇಷ್ಠವೆಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ಶ್ರಾವಣವೆಂದರೆ ಪ್ರವಚನದ ತಿಂಗಳು. ಹಿರಿಯರು ಊರು ಬಿಟ್ಟು ಕದಲರು. ಖರ್ಚಿನ ಲೆಕ್ಕವೂ ಬೇರೆಯಾಗುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ದರದಂತೆ ವಿದೇಶೀಯ ವಯಸ್ಕರಿಗೆ ಮಾರಾ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್. ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ನಾವು ಐವರು, ಮೂರು ದಿನ. ಜೂನ್ ಕೊನೆಯ ವಾರ ಹೋದರೆ 1,500 ಡಾಲರ್ ಉಳಿಯುತ್ತದೆ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆ ಅಷ್ಟರಲ್ಲಿ ಮುಗಿದಿರುತ್ತದೆ. ಮಹಾವಲಸೆ ತಪ್ಪಿಹೋದರೂ ಸಿಂಹ, ಆನೆ, ಜಿರಾಫೆಗಳು ವರ್ಷವಿಡೀ ಅಲ್ಲೇ ಇರುತ್ತವೆ. ಇತ್ತ ನಮ್ಮಲ್ಲಿ ಮಳೆ ಹಿಡಿದು ಗಾಲ್ಫ್ ಮೈದಾನ ತೊಯ್ದಿರುತ್ತದೆ. ಬೋರ್ಡೋ ದ್ರಾವಣದ ಸಿಂಪರಣೆಯೂ ಮುಗಿದಿರುತ್ತದೆ. ಹೀಗಾಗಿ ಜೂನ್ ಕೊನೆಯ ವಾರವೇ ನಿಶ್ಚಯವಾಯಿತು.

ಹಳದಿ ಜ್ವರದ ಚುಚ್ಚುಮದ್ದನ್ನು ಮರೆಯಬಾರದು. ಸರ್ಕಾರ ಮಾನ್ಯಮಾಡಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಅದರ ಪ್ರಮಾಣಪತ್ರ 2016ರಿಂದ ಜೀವಮಾನವಿಡೀ ಸಲ್ಲುತ್ತದೆ. ಅದಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. ವಯಸ್ಸಾದವರು ಈ ಚುಚ್ಚುಮದ್ದಿಗೆ ಮೊದಲು ತಮ್ಮ ವೈದ್ಯರನ್ನು ಕೇಳುವುದು ಅವಶ್ಯ. ಮಲೇರಿಯಾ ತಡೆಯುವ ಮಾತ್ರೆಯ ಬಗ್ಗೆಯೂ ಅವರಲ್ಲೇ ವಿಚಾರಿಸಬೇಕು. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾ 2017ರಲ್ಲಿ ನಿಷೇಧಿಸಿದೆ. ಬಟ್ಟೆಯ ಚೀಲಗಳನ್ನೇ ಒಯ್ಯಬೇಕು.

ಸಸ್ಯಾಹಾರದ ಚಿಂತೆ ಬೇಡ. 1896ರಿಂದ 1901ರವರೆಗೆ ಮೊಂಬಾಸಾದಿಂದ ಒಳನಾಡಿಗೆ ರೈಲುದಾರಿ ಹಾಕಿದವರು ಭಾರತದಿಂದ ಹೋದ ಸುಮಾರು 32,000 ಕೂಲಿಗಳು. ಅವರ ಹಿಂದೆ ಹೋದ ಗುಜರಾತಿ ವ್ಯಾಪಾರಿಗಳ ಸಂತತಿ ಇಂದೂ ನೈರೋಬಿಯಲ್ಲಿದೆ. ಶುದ್ಧ ಸಸ್ಯಾಹಾರದ ಊಟ ಅಲ್ಲಿ ಸುಲಭವಾಗಿ ಸಿಗುತ್ತದೆ. ಕಾಡಿನ ವಸತಿಗಳಿಗೆ ಮಾತ್ರ ಮೊದಲೇ ತಿಳಿಸಬೇಕು. ಇಷ್ಟಲಿಂಗ ಪೂಜೆಗೆ ಬೇಕಾದ ವಿಭೂತಿ, ಪುಟ್ಟ ಬಟ್ಟಲು ಕೈಚೀಲದಲ್ಲೇ ಇರಲಿ. ವಿಮಾನದ ದೊಡ್ಡ ಸಾಮಾನು ಒಮ್ಮೊಮ್ಮೆ ತಡವಾಗಿ ಬರುತ್ತದೆ.

ಪ್ರಶ್ನೆಗೆ ಉತ್ತರ

ಇಷ್ಟೆಲ್ಲ ನಿಶ್ಚಯವಾದರೂ ಮನೆಯಾಕೆಯ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರವನ್ನು ಹುಡುಕಿದವಳು ಕಾಲೇಜಿನಲ್ಲಿ ಓದುವ ಮೊಮ್ಮಗಳು. ಮಾರಾ ಬಯಲಿನಲ್ಲಿಯೂ ಮಾಸಾಯಿ ಗೋಪಾಲಕರ ದನಗಳನ್ನು ಸಿಂಹ ಹಿಡಿಯುತ್ತದೆ. ಅಲ್ಲಿಯೂ ಆನೆ ಹೊಲಕ್ಕೆ ನುಗ್ಗುತ್ತದೆ. ಅಲ್ಲಿಯೂ ಮನುಷ್ಯರು ಸಾಯುತ್ತಾರೆ. ಪ್ರವಾಸಿಗರ ಚಿತ್ರಗಳಲ್ಲಿ ಅದು ಕಾಣುವುದಿಲ್ಲ, ಅಷ್ಟೆ. ಆದರೆ ವನ್ಯಧಾಮದ ಸುತ್ತಲಿನ ಅನೇಕ ಮಾಸಾಯಿ ಕುಟುಂಬಗಳು ತಮ್ಮ ಭೂಮಿಯನ್ನು ಒಟ್ಟುಗೂಡಿಸಿ, ಬೇಲಿ ಹಾಕದೆ ಪ್ರಾಣಿಗಳಿಗೆ ಬಿಟ್ಟು, ಪ್ರವಾಸಿ ವಸತಿಗಳಿಂದ ಗೇಣಿ ಪಡೆಯುತ್ತವೆ. ಕಾಡುಪ್ರಾಣಿಯೊಡನೆ ಬದುಕುವವನಿಗೆ ಅದರಿಂದ ಬರುವ ಆದಾಯದಲ್ಲೂ ಪಾಲಿದೆ. ಕೆಲವೆಡೆ ಹೊಲದ ಸುತ್ತ ಜೇನುಪೆಟ್ಟಿಗೆಗಳನ್ನು ತಂತಿಗೆ ತೂಗುಹಾಕಿ ಆನೆಗಳನ್ನು ತಡೆಯುತ್ತಾರೆ. ಜೇನಿನ ಝೇಂಕಾರಕ್ಕೆ ಆನೆ ಹಿಂಜರಿಯುತ್ತದೆ. ರೈತನಿಗೆ ಜೇನೂ ಸಿಗುತ್ತದೆ.

ನಮ್ಮಲ್ಲಿಯೂ ತ್ಯಾಗ ಮಾಡಿದವರಿದ್ದಾರೆ. 2001–02ರಲ್ಲಿ ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದು ನೆಲೆಸಿದವು. ಮುತ್ತೋಡಿಯಲ್ಲಿ ಇಂದು ಹುಲಿಯ ಹೆಜ್ಜೆ ಕಂಡು ಹಿಗ್ಗುವ ಪ್ರವಾಸಿಗನು ಅವರನ್ನು ನೆನೆಯಬೇಕು. 2022ರಲ್ಲಿ ರಚನೆಯಾದ ಆನೆ ಕಾರ್ಯಪಡೆಯ ಸಿಬ್ಬಂದಿ ರಾತ್ರಿಯೆಲ್ಲ ಆನೆಗಳ ಜಾಡು ಹಿಡಿದು ಜನರಿಗೆ ಎಚ್ಚರಿಕೆ ಕೊಡುತ್ತಾರೆ. ಅವರ ಕಾಯಕವನ್ನೂ ನೆನೆಯಬೇಕು.

"ನೋಡಲು ಹೋಗುವುದು ತಪ್ಪಲ್ಲ" ಎಂದಳು ಮನೆಯಾಕೆ, ಎಲ್ಲವನ್ನೂ ಕೇಳಿದ ಮೇಲೆ. "ಅಲ್ಲಿಯ ಆನೆಗೆ ಕೊಡುವ ದುಡ್ಡು ಅಲ್ಲಿಯ ಬಡವನಿಗೆ ಮುಟ್ಟುವುದಾದರೆ ಕೊಡೋಣ. ಆದರೆ ಇಲ್ಲಿಯ ಆನೆಯ ಭಾರವನ್ನು ನಮ್ಮ ಬಡವನೊಬ್ಬನ ಮೇಲೆಯೇ ಹೊರಿಸಿ ಹೋಗುವುದು ಬೇಡ."

ಅದರಂತೆ ಮಾಸಾಯಿಗಳ ಭೂಮಿಯಲ್ಲಿರುವ, ಅವರಿಗೆ ಗೇಣಿ ಕೊಡುವ ವಸತಿಯನ್ನೇ ಆರಿಸಿಕೊಂಡೆವು. ತಮ್ಮನ ಮಗನು ತಾನಾಗಿಯೇ, ಸರೋವರದ ಬಳಿಯ ದುಬಾರಿ ಗಾಲ್ಫ್ ವಸತಿಯ ಎರಡು ದಿನಗಳನ್ನು ಬಿಟ್ಟುಕೊಟ್ಟನು. ನೈರೋಬಿಯ ಎರಡು ಮೈದಾನಗಳೇ ಸಾಕೆಂದನು. ಹಾಗೆ ಉಳಿದ ಹಣವನ್ನೂ ಪ್ರವೇಶ ಶುಲ್ಕದಲ್ಲಿ ಉಳಿದುದನ್ನೂ ಕೂಡಿಸಿ, ಕಾರ್ಮಿಕರ ಲೈನ್ ಮನೆಗಳಿಂದ ತೋಟದವರೆಗಿನ ದಾರಿಗೆ ಸೌರದೀಪಗಳನ್ನು ಹಾಕಿಸಿದ್ದೇವೆ. ಆನೆ ಸುಳಿವಿರುವ ದಿನಗಳಲ್ಲಿ ಆಳುಗಳು ನಡೆದು ಬರಬಾರದು, ನಮ್ಮ ಜೀಪೇ ಹೋಗಿ ಕರೆತರಬೇಕು ಎಂಬ ಕಟ್ಟಳೆಯನ್ನು ಮಾಡಿದ್ದೇವೆ. ನೆರೆಯ ಎರಡು ತೋಟದವರೂ ಇದನ್ನು ಕೇಳಿ ತಮ್ಮಲ್ಲಿಯೂ ಮಾಡುವುದಾಗಿ ಹೇಳಿದ್ದಾರೆ.

ಚುಚ್ಚುಮದ್ದು ಆಗಿದೆ, ಸ್ವೆಟರುಗಳು ಪೆಟ್ಟಿಗೆ ಸೇರಿವೆ. ನಿನ್ನೆ ಮುಸ್ಸಂಜೆ ದೀಪಗಳು ಮೊದಲ ಬಾರಿಗೆ ಹೊತ್ತಿಕೊಂಡಾಗ, ಲೈನಿನ ಮಕ್ಕಳು ಆ ದಾರಿಯ ತುದಿಯವರೆಗೆ ಓಡಿಹೋಗಿ ಮರಳಿ ಬಂದರು. ಮನೆಯಾಕೆ ಜಗಲಿಯಲ್ಲಿ ನಿಂತು ಅದನ್ನು ನೋಡುತ್ತಿದ್ದಳು. "ಇನ್ನು ಹೊರಡೋಣ" ಎಂದಳು.