ಸಂಚಿಯ ಮೂರನೆಯ ಖಾನೆ

ಅಲೆಮಾರಿಗಳಿಗೆ ಏನು ಖರ್ಚು ಹೇಳಿ? ಮನೆ ಬಾಡಿಗೆ ಇಲ್ಲ, ಕಂದಾಯ ಇಲ್ಲ, ಕರೆಂಟ್ ಬಿಲ್ಲಿಲ್ಲ. ಹೊಳೆ ದಂಡೆಯಲ್ಲಿ ಟೆಂಟು, ಹೊಳೆಯಲ್ಲಿ ಮೀನು. ನಾನು ಮೇಷ್ಟ್ರಾದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಹೇಳುವವರು ಕೆಟ್ಟವರಲ್ಲ. ಚಳವಳಿಯ ಗೆಳೆಯರೂ ಹೇಳಿದ್ದಾರೆ, ಪ್ರೀತಿಯಿಂದಲೇ: 'ನಿಮ್ಮವರದೇ ಸ್ವತಂತ್ರ ಬದುಕು ಕಣಯ್ಯ.' ಆ ಸ್ವಾತಂತ್ರ್ಯಕ್ಕೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಒಪ್ಪಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಕಿಳ್ಳೇಕ್ಯಾತರು. ಸರ್ಕಾರದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಸಿಳ್ಳೇಕ್ಯಾತರು. ತೊಗಲುಗೊಂಬೆಯ ಆಟದಲ್ಲಿ ಬಂಗಾರಕ್ಕನ ಜೊತೆ ಬಂದು ಜನರನ್ನು ನಗಿಸುವ ಕೋಡಂಗಿಯ ಹೆಸರೇ ನಮ್ಮ ಜಾತಿಗೂ ಅಂಟಿಕೊಂಡಿದೆ. ಗಂಡಸರು ಗೊಂಬೆ ಆಡಿಸುತ್ತಿದ್ದರು, ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದರು. ಹೆಂಗಸರು ಹಚ್ಚೆ ಹುಯ್ಯುತ್ತಿದ್ದರು. ನಮ್ಮ ಜನರ ಗೊಂಬೆಗಳು ಈಗ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಜೋಪಾನವಾಗಿವೆ. ಅವಕ್ಕೆ ಖಾಯಂ ವಿಳಾಸ ಉಂಟು.

ಮನೆಮಾತು ಮರಾಠಿಯ ಬಳಗದ್ದು. ಆದರೆ ದುಡ್ಡಿನ ಮಾತೆಲ್ಲ ಕನ್ನಡದಲ್ಲೇ, ಏಕೆಂದರೆ ದುಡ್ಡು ಇದ್ದದ್ದು ಕನ್ನಡದವರ ಹತ್ತಿರ. ನನ್ನ ಅಪ್ಪನ ಸುತ್ತು ನಾಲ್ಕು ತಾಲ್ಲೂಕಿನದು. ಬೇಸಿಗೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಇಳಿದಾಗ ಶ್ರೀರಂಗಪಟ್ಟಣದ ಕಡೆ. ಆಮೇಲೆ ಪಾಂಡವಪುರದ ತೊಣ್ಣೂರು ಕೆರೆ. ಹೊಳೆಗೆ ಹೊಸ ನೀರು ನುಗ್ಗುವಾಗ ಹರಿಗೋಲು ಇಳಿಸಿದರೆ ಜೀವಕ್ಕೇ ಕುತ್ತು, ಆಗ ಒಣ ಸೀಮೆ ನಾಗಮಂಗಲಕ್ಕೆ ಗೊಂಬೆ ಪೆಟ್ಟಿಗೆ ಹೊತ್ತು ನಡೆಯುವುದು. ಮಳೆ ಬಾರದ ಊರಿನವರು ಆಟ ಆಡಿಸುತ್ತಿದ್ದರು, ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಎಂದು. ಮಳೆ ತಗ್ಗಿದ ಮೇಲೆ ಕೆ.ಆರ್. ಪೇಟೆಯ ಹೇಮಗಿರಿ, ಹೇಮಾವತಿ ದಂಡೆ. ನೋಡಿದವರಿಗೆ ಇದು ಅಲೆದಾಟ. ಅಪ್ಪನಿಗೆ ಇದು ಬಜೆಟ್ಟು. ಮೀನು ಎಲ್ಲಿ ಸಿಗುತ್ತದೆ, ಸೌದೆ ಎಲ್ಲಿ ಪುಕ್ಕಟೆ, ಯಾವ ಊರಿನಲ್ಲಿ ಸುಗ್ಗಿ ಮುಗಿದಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದ.

ದುಡ್ಡು ಮಾತ್ರ ಅವ್ವನ ಕೈಯಲ್ಲಿ. ಅವಳದೊಂದು ಎಲೆಅಡಿಕೆ ಸಂಚಿ, ಅದಕ್ಕೆ ಮೂರು ಖಾನೆ. ಒಂದರಲ್ಲಿ ಈವತ್ತಿನ ಉಪ್ಪು ಮೆಣಸಿನಕಾಯಿಯ ಚಿಲ್ಲರೆ. ಎರಡನೆಯದರಲ್ಲಿ ಬಲೆಯ ದುಡ್ಡು: ನೂಲು, ಗುಂಡು, ಹರಿಗೋಲಿಗೆ ಬಳಿಯುವ ಡಾಂಬರು. ಮೂರನೆಯದನ್ನು ಅಪ್ಪನೂ ಮುಟ್ಟುವಂತಿರಲಿಲ್ಲ. ಜ್ವರಕ್ಕಿರಬಹುದು, ಹಬ್ಬಕ್ಕಿರಬಹುದು ಎಂದು ನಾವು ಮಕ್ಕಳು ಅಂದುಕೊಂಡಿದ್ದೆವು. ಒಮ್ಮೆ ಕೇಳಿದಾಗ ಅವ್ವ, 'ಅದು ಎಬ್ಬಿಸಿದ ದಿನಕ್ಕೆ ಮಡಗಿರೋದು ಕಣ್ಲಾ ಮಗ' ಅಂದಳು.

1986ರ ಸುಮಾರಿಗೆ ನಾಗಮಂಗಲ ತಾಲ್ಲೂಕಿನ ಒಂದು ಊರಿನಲ್ಲಿ ಆ ಖಾನೆ ತೆರೆದದ್ದನ್ನು ಕಂಡೆ. ಯಾರದೋ ತೋಟದ ಪಂಪ್‌ಸೆಟ್ ಮೋಟಾರು ಕಳವಾಗಿತ್ತು. ಸಂಜೆ ನಾಲ್ಕು ಜನ ಬಂದರು. ಹೊಡೆಯಲಿಲ್ಲ, ಬೈಯಲಿಲ್ಲ. 'ಬೆಳಗಾಗೋದ್ರೊಳಗೆ ಜಾಗ ಖಾಲಿ ಮಾಡ್ಬುಡಿ' ಅಂದರು, ಅಷ್ಟೇ. ರಾತ್ರಿ ಹೊರಡುವ ಗಾಡಿಯವನು ದುಪ್ಪಟ್ಟು ಕೇಳಿದ. ಅವ್ವ ಮೂರನೆಯ ಖಾನೆ ಬೋರಲು ಹಾಕಿ 45 ರೂಪಾಯಿ ಎಣಿಸಿದಳು. ಗಾಡಿ ಬಾಡಿಗೆಯಾದರೂ ಕಣ್ಣಿಗೆ ಕಾಣುವ ಖರ್ಚು. ಆ ಸುತ್ತಿನ ಎರಡು ಊರುಗಳಲ್ಲಿ ಹಚ್ಚೆಗೂ ಆಟಕ್ಕೂ ಸುಗ್ಗಿಯಲ್ಲಿ ರಾಗಿ ಕೊಡುತ್ತೇವೆ ಎಂದು ಒಪ್ಪಿದ್ದರಲ್ಲ, ಅದನ್ನು ಇಸಿದುಕೊಳ್ಳಲು ಯಾರು ಹೋಗಬೇಕು? ಮಳೆಗಾಲಕ್ಕೆಂದು ಲೆಕ್ಕ ಹಾಕಿದ್ದ ರಾಗಿ ಅದು. ಎರಡು ತಿಂಗಳ ಮೇಲೆ ಮೋಟಾರು ಅದೇ ಊರಿನವನೊಬ್ಬನ ಬಣವೆಯಲ್ಲಿ ಸಿಕ್ಕಿತಂತೆ. ನಮ್ಮ ರಾಗಿ ಸಿಗಲಿಲ್ಲ.

ಅಲೆಯುವ ಜಾತಿಗಳಿಗೆ ಹುಟ್ಟುಗಳ್ಳರೆಂದು ಮುದ್ರೆ ಒತ್ತುವ ಕಾನೂನನ್ನು ಬ್ರಿಟಿಷರು 1871ರಲ್ಲಿ ತಂದರು. ಸ್ವತಂತ್ರ ಭಾರತ ಅದನ್ನು 1952ರಲ್ಲಿ ತೆಗೆದುಹಾಕಿತು. ಕಾಗದದಿಂದ ತೆಗೆದದ್ದಕ್ಕೆ ಖರ್ಚಿಲ್ಲ. ಊರಿನವರ ತಲೆಯಲ್ಲಿ ಉಳಿದದ್ದಕ್ಕೆ ನಮ್ಮ ಹೆಂಗಸರು ಸಂಚಿಯಲ್ಲಿ ಒಂದು ಖಾನೆ ಮೀಸಲಿಡಬೇಕಾಯಿತು.

ಈಗಿನ ಲೆಕ್ಕಕ್ಕೆ ಬರುತ್ತೇನೆ. ನಾನು ಓದಿ, ಕೆಲಸ ಹಿಡಿದು, ಪಾಂಡವಪುರ ತಾಲ್ಲೂಕಿನಲ್ಲಿ ನಿಂತೆ. ನನ್ನ ತಂಗಿ ಇನ್ನೂ ಅದೇ ಸುತ್ತಿನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಟೆಂಟಿನಲ್ಲಿ ಕೂತು ಇಬ್ಬರೂ ಲೆಕ್ಕ ಬರೆದೆವು. ಮೀನು ಚೆನ್ನಾಗಿ ಬೀಳುವ ತಿಂಗಳಲ್ಲಿ ಇಪ್ಪತ್ತು ದಿನ ಬಲೆ. ದಿನಕ್ಕೆ ಎಂಟು ಕೆಜಿ, ಹೆಚ್ಚಾಗಿ ಜಿಲೇಬಿ, ಅಪರೂಪಕ್ಕೆ ಕಾಟ್ಲ. ಕೆರೆಯ ಮೀನಿನ ಹಕ್ಕು ಹರಾಜಿನಲ್ಲಿ ಹೋಗುತ್ತದೆ. ಹರಾಜು ಕೂಗಲು ಠೇವಣಿ ಬೇಕು, ಅದು ನಮ್ಮವರ ಹತ್ತಿರ ಎಲ್ಲಿಂದ ಬರಬೇಕು? ಗುತ್ತಿಗೆದಾರ ದಡದಲ್ಲೇ ತೂಗಿ ಕೆಜಿಗೆ 60 ಕೊಡುತ್ತಾನೆ, ಪೇಟೆಯಲ್ಲಿ ಅದೇ ಮೀನು 140. ತಿಂಗಳಿಗೆ 9,600 ಆಯಿತು. ಬಲೆಗೆಂದು ಅವನಿಂದ ತಂದ 30,000 ಮುಂಗಡಕ್ಕೆ ದಿನಕ್ಕೆ 100 ಮುರಿದುಕೊಂಡರೆ ಉಳಿಯುವುದು 7,600. ಅವನು ಬೇಡವೆಂದು ಬಿಟ್ಟ ಚಿಕ್ಕ ಮೀನನ್ನು ತಂಗಿ ಒಣಗಿಸಿ ಚಿನಕುರಳಿಗೋ ತೆಂಡೆಕೆರೆ ಸಂತೆಗೋ ಒಯ್ಯುತ್ತಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸಂತೆಗೆ ಹೋದರೆ ಗಿಟ್ಟುತ್ತದೆ. ಮುಂಚೆ ಚಾರ್ಜೇ ಅರ್ಧ ತಿನ್ನುತ್ತಿತ್ತು. ನಡೆದಾಡುವವರಿಗೆ ನೇರವಾಗಿ ತಾಕಿದ ಯೋಜನೆ ಅದು, ಮೆಚ್ಚಬೇಕು.

ಗೃಹಜ್ಯೋತಿ ಮಾತ್ರ ಬೇರೆ ಕಥೆ. ಗೃಹ ಎಂಬುದು ಅದರ ಹೆಸರಿನಲ್ಲೇ ಇದೆ. ನನ್ನ ಮನೆಯಲ್ಲಿ ಫ್ಯಾನು, ಟಿವಿ, ಫ್ರಿಜ್ಜು. 200 ಯೂನಿಟ್ಟಿನ ಒಳಗಿರುವುದರಿಂದ ಬಿಲ್ಲು ಸೊನ್ನೆ. ತಂಗಿಯ ಟೆಂಟಿನಲ್ಲಿರುವುದು ಎರಡು ಫೋನು. ದಿನ ಬಿಟ್ಟು ದಿನ ಊರೊಳಗಿನ ಅಂಗಡಿಯಲ್ಲಿ ಚಾರ್ಜಿಗೆ ಹಾಕಲು ಫೋನಿಗೆ ಹತ್ತು ರೂಪಾಯಿ. ತಿಂಗಳಿಗೆ 300. ಎಣ್ಣೆ ದಿನಾ ಇಪ್ಪತ್ತು ರೂಪಾಯಿಯದು, ಚಿಲ್ಲರೆ ಅಂಗಡಿಯದು. ತಿಂಗಳ 600ಕ್ಕೆ ನನ್ನ ಹೆಂಡತಿ ನಾಲ್ಕು ಲೀಟರ್ ತರುತ್ತಾಳೆ, ತಂಗಿಗೆ ಮೂರೂ ಬರುವುದಿಲ್ಲ. ಒಟ್ಟಿಗೆ ತಂದಿಡಲು ಟೆಂಟಿನಲ್ಲಿ ಇಲಿ, ಮಳೆ. ಮೇಲಾಗಿ ಕೈಗೆ ದುಡ್ಡು ಬರುವುದೇ ದಿನದಿನಕ್ಕೆ. ಅಲ್ಲಿ 200 ರೂಪಾಯಿಯಷ್ಟು ಹೋಯಿತು ಅನ್ನಿ.

ಜಾಗ ಬದಲಿಸುವುದು ವರ್ಷಕ್ಕೆ ನಾಲ್ಕು ಸಲ. ಟೆಂಪೋ ಬಾಡಿಗೆ 2,200ರಂತೆ 8,800. ಎರಡು ಟಾರ್ಪಾಲು 2,800. ಗಂಟುಮೂಟೆ ಕಟ್ಟಿ ಇಳಿಸುವುದರಲ್ಲಿ ಪ್ರತಿ ಸಲ ಮೂರು ದಿನದ ಬಲೆ ಹೋಗುತ್ತದೆ, ಅದು ವರ್ಷಕ್ಕೆ 5,760. ಕೂಡಿ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,450ರ ಹತ್ತಿರ. ಚಾರ್ಜು, ಎಣ್ಣೆ ಸೇರಿಸಿದರೆ 1,950. ನಮ್ಮೂರಿನಲ್ಲಿ ಶೀಟಿನ ಒಂದು ಸಣ್ಣ ಮನೆಗೆ ಬಾಡಿಗೆ 2,000. ಬಾಡಿಗೆ ಇಲ್ಲದವರ ಬಾಡಿಗೆ ಇದು ಗೆಳೆಯರೇ. ಇದರಲ್ಲಿ ಪಡಿತರದ ದಿನದ ಕೂಲಿ ಸೇರಿಲ್ಲ. ಕಾರ್ಡು ಯಾವ ಅಂಗಡಿಯಲ್ಲಾದರೂ ನಡೆಯುತ್ತದೆ, ಸರಿ. ಆದರೆ ಬಲೆಯ ನೂಲು ಎಳೆದೆಳೆದು ಬೆರಳ ಗೆರೆ ಸವೆದಿದೆ, ಮಿಷನ್ನು ಒಪ್ಪುವುದಿಲ್ಲ. ಎರಡು ಮೂರು ಸಲ ತಿರುಗಬೇಕು.

'ಹಂಗಾದ್ರೆ ಅದೇ ದುಡ್ಡಲ್ಲಿ ಒಂದು ಮನೆ ಮಾಡಬಾರದಾ?' ಅಂದೆ. ತಂಗಿ ನಕ್ಕಳು. 'ಮನೆ ನಿಂತ್ಕತದೆ ಕಣಣ್ಣ. ಮೀನು ನಿಂತ್ಕತದಾ?' ಮನೆ ಮಾಡಿದರೂ ಟೆಂಪೋ ತಪ್ಪುವುದಿಲ್ಲ, ಎರಡೂ ಬಾಡಿಗೆ ಬೀಳುತ್ತದೆ. ಜೊತೆಗೆ 20,000 ಅಡ್ವಾನ್ಸು. ಅದಕ್ಕೂ ಮುಂಚೆ ಜಾತಿ ಯಾವುದು ಎಂಬ ಪ್ರಶ್ನೆ.

ಕಾವೇರಿ ದಂಡೆಯಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಮಲಗಲು ಸಾವಿರಗಟ್ಟಲೆ ಕೊಟ್ಟು ಬರುವ ಹುಡುಗರನ್ನು ಕಂಡಿದ್ದೇನೆ. ಲ್ಯಾಪ್‌ಟಾಪ್ ಹಿಡಿದು ಊರೂರು ಸುತ್ತುವ ಬದುಕಿಗೆ ದಿನದ ಖರ್ಚು ಹೇಗೆ ಹಿಡಿತದಲ್ಲಿಡಬೇಕೆಂದು ಅವರು ಮಾತಾಡಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸುಸ್ತಾದರೆ ಹಿಂತಿರುಗಲು ಅವರ ಆಧಾರ್ ಕಾರ್ಡಿನಲ್ಲಿ ನಿಜವಾದ ಒಂದು ಬಾಗಿಲಿದೆ. ತಂಗಿಯ ಕಾರ್ಡಿನಲ್ಲಿರುವುದು ನನ್ನ ಬಾಗಿಲು.

ಹೋರಾಟಕ್ಕೂ ಖರ್ಚು ಹಾಕಬೇಕು ನಾವು. 2025ರ ಆಗಸ್ಟ್‌ನಲ್ಲಿ ನಾಗಮೋಹನ ದಾಸ್ ಆಯೋಗ ಅಲೆಮಾರಿಗಳೂ ಸೇರಿದ 59 ಜಾತಿಗಳಿಗೆ ಬೇರೆಯಾಗಿ ಶೇ. 1 ಕೊಡಿ ಎಂದಿತು. ಅದೇ ತಿಂಗಳು ಮಂತ್ರಿಮಂಡಲ ಆ ಒಂದನ್ನು ತೆಗೆದು, ಶೇ. 5ರ ಗುಂಪಿನಲ್ಲಿ ಬಲಿತವರ ಜೊತೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ತಂಗಿಯ ಗಂಡನೂ ಹೋದ. ಎರಡು ದಿನದ ಬಲೆ, ಬಸ್ ಚಾರ್ಜು, ಊಟ ಎಲ್ಲ ಸೇರಿ ಸಾವಿರದ ಐನೂರು. ಎರಡನೆಯ ಸಲ ಕರೆದಾಗ ಹೋಗಲಾಗಲಿಲ್ಲ. ಸಂಘಟನೆಯ ಗೆಳೆಯರು ಅಲೆಮಾರಿಗಳು ಯಾಕೆ ಕಡಿಮೆ ಬಂದರು ಎಂದು ಕೇಳುವಾಗ ಈ ಸಾವಿರದ ಐನೂರನ್ನೂ ನೆನೆಯಲಿ.

ಇಷ್ಟೆಲ್ಲ ಲೆಕ್ಕ ಬರೆದದ್ದು ತಂಗಿಯ ಮಗಳಿಗಾಗಿ. ಹುಡುಗಿ ಹಾಸ್ಟೆಲಿನಲ್ಲಿದ್ದಾಳೆ, ಬರುವ ವರ್ಷ ಎಸ್ಸೆಸ್ಸೆಲ್ಸಿ. ರಜೆಯಲ್ಲಿ ಹಾಸ್ಟೆಲು ಮುಚ್ಚುತ್ತದೆ. ಆಗ ಟೆಂಟು ಎಲ್ಲಿದೆಯೋ ಅಲ್ಲಿಗೆ ಅವಳು ಹೋದರೆ ಪುಸ್ತಕ ಬಿಚ್ಚಲು ಬೆಳಕಿಲ್ಲ. ನಮ್ಮ ಮನೆಯಲ್ಲೇ ಇರಲಿ ಅಂದೆ. ತಂಗಿ ಒಪ್ಪಿದಳು, ಆದರೆ ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ ಎಂದು ಹಟ ಹಿಡಿದಳು.

'ಅವಳ ಅನ್ನಕ್ಕೆ ನಾನು ಲೆಕ್ಕ ಕೇಳ್ತೀನೇನವ್ವ?'

'ನೀನು ಕೇಳಲ್ಲ ಕಣಣ್ಣ. ನಾಳೆ ಅವಳೇ ಕೇಳ್ಕತಾಳೆ.'

ಅವ್ವನ ಸಂಚಿ ಈಗ ತಂಗಿಯ ಹತ್ತಿರವೇ ಇದೆ. ಮೀನಿನ ದುಡ್ಡು ಈಗ ಗಂಡನ ಫೋನಿಗೆ ಬಂದು ಬೀಳುತ್ತದೆ. ಫೋನಿನಲ್ಲಿ ಖಾನೆಗಳಿಲ್ಲ, ಎಲ್ಲ ಒಂದರಲ್ಲೊಂದು ಕಲಸಿ ಖರ್ಚಾಗಿಬಿಡುತ್ತದೆ. ಅದಕ್ಕೇ ಅಂಗಡಿಯವನಿಗೆ ಸಾವಿರಕ್ಕೆ ಹತ್ತು ಕೊಟ್ಟು ನೋಟು ಮಾಡಿಸಿಕೊಂಡು ಸಂಚಿಗೆ ಹಾಕುತ್ತಾಳೆ. ಮಗಳ ಗೈಡು, ಬಟ್ಟೆ, ಮೊದಲ ತಿಂಗಳ ದುಡ್ಡು ಎಂದು ಮೂರನೆಯ ಖಾನೆಯಿಂದ ತೆಗೆದು ನನ್ನ ಮುಂದೆ ಎಣಿಸಿದಳು. ಅದರಲ್ಲಿ ಈಗ ಉಳಿದಿರುವುದು 900. ಟೆಂಪೋದವನು 2,200 ಕೇಳುತ್ತಾನೆ. ಕೆರೆಯ ಗುತ್ತಿಗೆ ಬರುವ ತಿಂಗಳು ಹೊಸಬರ ಕೈಗೆ ಹೋಗುತ್ತದಂತೆ. ಅವರು ಯಾರು, ಎಂಥವರು ಎಂದು ದಡದಲ್ಲಿ ಯಾರಿಗೂ ಇನ್ನೂ ತಿಳಿದಿಲ್ಲ.