ಕಸ್ಟರ್ ಪಾರ್ಕಿನ ಬೈಸನ್ ಹಿಂಡು

ಅಮೆರಿಕದ ಸೌತ್ ಡಕೋಟಾ ರಾಜ್ಯದ ಕಸ್ಟರ್ ಸ್ಟೇಟ್ ಪಾರ್ಕ್ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನಲ್ಲಿದೆ. ವಿಸ್ತೀರ್ಣ ಸುಮಾರು 71,000 ಎಕರೆ. ಟೆಂಟ್ ಹಾಕಿ ತಂಗಲು ಹಲವು ಕ್ಯಾಂಪ್‌ಗ್ರೌಂಡ್‌ಗಳಿವೆ. ಪ್ರಾಣಿಗಳನ್ನು ನೋಡಲು 18 ಮೈಲಿಯ ವೈಲ್ಡ್‌ಲೈಫ್ ಲೂಪ್ ರಸ್ತೆಯೇ ಸಾಕು. ಬೆಳಗಿನ ಜಾವವೋ ಇಳಿಹೊತ್ತಿನಲ್ಲೋ ಹೊರಟರೆ ಪ್ರಾಂಗ್‌ಹಾರ್ನ್, ಜಿಂಕೆ, ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಕೂಗಿ ಬಳಗವನ್ನು ಎಚ್ಚರಿಸುವ ಪ್ರೇರಿ ಡಾಗ್ ಕಣ್ಣಿಗೆ ಬೀಳುತ್ತವೆ.

ಆದರೆ ಜನ ಬರುವುದು ಮುಖ್ಯವಾಗಿ ಬೈಸನ್‌ಗಾಗಿ. ಇದು ಮಲೆನಾಡಿನ ಕಾಟಿಯ ದೂರದ ನೆಂಟ. 1914ರಲ್ಲಿ ಕೊಂಡು ತಂದ 36 ಬೈಸನ್‌ಗಳಿಂದ ಬೆಳೆದ ಹಿಂಡು ಇಂದು ಸಾವಿರ ದಾಟಿದೆ. ಬೇಟೆಗೆ ಸಿಕ್ಕಿ ಅಳಿವಿನಂಚು ಮುಟ್ಟಿದ್ದ ಪ್ರಾಣಿಗೆ ಇದು ನಿಜಕ್ಕೂ ಮರುಜನ್ಮ. ಇರುವ ಹುಲ್ಲಿಗೆ ತಕ್ಕಷ್ಟೇ ಹಿಂಡು ಉಳಿಯಲೆಂದು ಪ್ರತಿ ಸೆಪ್ಟೆಂಬರ್‌ನಲ್ಲಿ ಕುದುರೆ ಸವಾರರು ಅವನ್ನು ಅಟ್ಟಿ ಒಂದೆಡೆ ಸೇರಿಸುತ್ತಾರೆ. ಲಸಿಕೆ ಹಾಕಿ, ಕೆಲವನ್ನು ಮಾರಾಟಕ್ಕೆ ಬೇರ್ಪಡಿಸಲಾಗುತ್ತದೆ.

ರಸ್ತೆಗೆ ಅಡ್ಡ ನಿಂತ ಗಂಡು ಬೈಸನ್ ಸಾಧುವಾಗಿ ಕಂಡರೂ 900 ಕಿಲೋದಷ್ಟು ತೂಗಬಲ್ಲದು, ಗಂಟೆಗೆ 50 ಕಿ.ಮೀ. ವೇಗದಲ್ಲಿ ನುಗ್ಗಬಲ್ಲದು. ಬಾಲ ಮೇಲೆದ್ದರೆ ಅದು ಕೆರಳಿದೆ ಎಂದೇ ಅರ್ಥ. ಫೋಟೊ ಆಸೆಗೆ ಕಾರಿನಿಂದ ಇಳಿದು ಹತ್ತಿರ ಹೋಗಬೇಡಿ.