ಮ್ಹೈಸಾಳದಿಂದ ಮೇಲಕ್ಕೆ

ಕಾಗವಾಡ ದಾಟಿ ಮಿರಜದ ಕಡೆ ಹೊರಟರೆ ಮ್ಹೈಸಾಳ. ಇಲ್ಲಿ ಕೃಷ್ಣೆಯ ನೀರು ಹರಿಯುವುದಷ್ಟೇ ಅಲ್ಲ, ಏರುತ್ತದೆ ಕೂಡ. ದೊಡ್ಡ ಪಂಪುಗಳು ಅದನ್ನು ಹಂತ ಹಂತವಾಗಿ ಎತ್ತಿ ಕವಠೆ ಮಹಾಂಕಾಳ, ಜತ್ತದ ಒಣ ನೆಲಕ್ಕೆ ಮುಟ್ಟಿಸುತ್ತವೆ. ಕರೆಂಟ್ ಬಿಲ್ಲಿನ ಜಗ್ಗಾಟ ಇಲ್ಲಿ ಹಳೆಯ ಕಥೆ. 2016ರ ಬರದ ಬೇಸಿಗೆಯಲ್ಲಂತೂ ಮಿರಜದಿಂದ ಲಾತೂರಿಗೆ ನೀರು ರೈಲು ಹತ್ತಿಯೇ ಹೋಯಿತು!

ಕವಠೆ ಮಹಾಂಕಾಳದ ಹಾದಿಯಲ್ಲಿ ದ್ರಾಕ್ಷಿ ತೋಟವೊಂದಕ್ಕೆ ಹೊಕ್ಕಾಗ ನನ್ನನ್ನು ಬೆರಗಾಗಿಸಿದ್ದು ಈ ನೀರಿನ ಆಮೇಲಿನ ಪ್ರಯಾಣ. ಬೇರಿನ ಜೀವಕೋಶದ ಬಾಗಿಲಿಗೆ ಬಂದ ನೀರಿಗೆ ಇನ್ನು ಮೋಟರಿಲ್ಲ. ಪೊರೆಯೋ ಕೊಬ್ಬಿನದು, ನೀರಿಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಅದರಲ್ಲಿ ಹುದುಗಿರುವ ಅಕ್ವಾಪೊರಿನ್ ಎಂಬ ಪ್ರೋಟೀನು ಸುರಂಗ ತೆರೆದು ಕೂತಿರುತ್ತದೆ. ನಮ್ಮ ಕೆಂಪು ರಕ್ತಕಣದಲ್ಲಿರುವ ಇದರ ಬಂಧುವೊಂದು ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳನ್ನು ಒಂದರ ಹಿಂದೊಂದು ದಾಟಿಸಬಲ್ಲದು. ನೀರಿಗಿಂತ ಚಿಕ್ಕದಾದ ಪ್ರೋಟಾನನ್ನು ಮಾತ್ರ ಬಿಟ್ಟುಕೊಳ್ಳದು. ವಿಜ್ಞಾನಿ ಪೀಟರ್ ಆಗ್ರೆಯ ತಂಡ 1992ರಲ್ಲಿ ಈ ಪ್ರೋಟೀನನ್ನು ಕಪ್ಪೆಯ ಮೊಟ್ಟೆಗಳಲ್ಲಿ ಹುಟ್ಟಿಸಿ ತೆಳು ದ್ರಾವಣಕ್ಕೆ ಹಾಕಿದಾಗ ಅವು ಉಬ್ಬಿ ಉಬ್ಬಿ ಒಡೆದೇಹೋದವು. 2003ರಲ್ಲಿ ಆಗ್ರೆಗೆ ನೊಬೆಲ್ ಬಂತು.

ಪ್ರೋಟೀನು ನೀರನ್ನು ದೂಡುವುದಿಲ್ಲ, ಜಗ್ಗುವುದೂ ಇಲ್ಲ. ಜಗ್ಗುವುದು ಎಲೆಯಿಂದ ನೀರಾರಿಸುವ ಬಿಸಿಲು. ಪ್ರೋಟೀನಿನದೇನಿದ್ದರೂ ದಾರಿ ಬಿಡುವ ಕೆಲಸ.

ಸಕ್ಕರೆಗೂ ಇಂಥ ದಾರಿಗಳಿವೆ. 2010ರಲ್ಲಿ ಗುರುತಿಸಿದ ಸ್ವೀಟ್ ಎಂಬ ಪ್ರೋಟೀನುಗಳು ದ್ರಾಕ್ಷಿಯಲ್ಲೂ ಇದ್ದು, ಸಕ್ಕರೆಯನ್ನು ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಪುಕ್ಕಟೆ ಸಾಗಿಸುತ್ತವೆ. ತುಂಬಿದಲ್ಲಿಗೇ ಮತ್ತೆ ತುಂಬಬೇಕೆಂದರೆ ಜೀವಕೋಶವೂ ಖರ್ಚು ಮಾಡಲೇಬೇಕು.

ತೋಟದ ಪಕ್ಕದಲ್ಲೇ ಬೇದಾಣಾ, ಅಂದರೆ ಒಣದ್ರಾಕ್ಷಿಯ ಶೆಡ್ಡು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊಂಚಲು ಅದ್ದಿ ಬಲೆಯ ಮೇಲೆ ಹರಡಿದ್ದರು. ಈ ದ್ರಾವಣದ ಕೈ ಓಡುವುದು ಪ್ರೋಟೀನಿನ ಮೇಲಲ್ಲ, ಸಿಪ್ಪೆಯ ಮೇಣದ ಮೇಲೆ. ಮೇಣದ ಬಿಗಿ ಸಡಿಲಾದರೆ ನೀರು ತಾನೇ ಹೊರಬೀಳುತ್ತದೆ. ಎರಡು ವಾರದೊಳಗೆ ನಾಲ್ಕು ಕಿಲೋ ದ್ರಾಕ್ಷಿ ಹೆಚ್ಚುಕಡಿಮೆ ಒಂದು ಕಿಲೋಗೆ ಇಳಿಯುತ್ತದೆ.

“ಬಿಸಲ ಬೀಳಬಾರದ್ರೀ ಸರ, ಗಾಳಿ ಅಷ್ಟ ಆಡಬೇಕು,” ಎಂದರು ಶೆಡ್ಡಿನ ಹಿರಿಯರು, ಒಂದು ಹಿಡಿ ಕೈಗಿಡುತ್ತ. “ಹಸರ ಉಳೀತಂದ್ರ ಸಾಂಗ್ಲಿ ಸವಾಲಿನ್ಯಾಗ ಛಲೋ ರೇಟ್ ಸಿಗತೈತಿ. ಕೆಂಪಾತಂದ್ರ ವ್ಯಾಪಾರಿ ಹೊಳ್ಳಿ ನೋಡಂಗಿಲ್ಲ.”